ಅಂಕಿಯನ್ನು ಒಂಟಿಯಾಗಿ ಕಳಿಸಬೇಡಿ

(ಕೋಲಾರದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ತಾಲ್ಲೂಕು ವರದಿಗಾರರಿಗೆ ವಿಜ್ಞಾನದ ಸುದ್ದಿ ಬರೆಯುವ ಬಗ್ಗೆ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಕೈಯಲ್ಲಿರುವ ಹಾಳೆ ನೋಡಿ. ಅದೊಂದು ಕೊಳವೆಬಾವಿ ನೀರಿನ ಪರೀಕ್ಷಾ ವರದಿ. ಅಭ್ಯಾಸಕ್ಕೆಂದೇ ಮಾಡಿದ್ದು, ಯಾವ ಊರಿಗೂ ಸೇರಿದ್ದಲ್ಲ. ಪಿಎಚ್, ಗಡಸುತನ, ನೈಟ್ರೇಟ್ ಎಂದು ಏಳೆಂಟು ಸಾಲುಗಳಿವೆ. ನಾಲ್ಕನೇ ಸಾಲು: ಫ್ಲೋರೈಡ್, 2.4. ಈ ಜಿಲ್ಲೆಯಲ್ಲಿ ಕೆಲಸ ಮಾಡುವವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ, ಹೋಗಲೂಬೇಕು. ಸಂಜೆ ಆರಕ್ಕೆ ಡೆಸ್ಕಿಗೆ ಕಾಪಿ ಸೇರಬೇಕು. ಇಂಥ ಕಾಪಿಗೆ ಏನು ಹೆಡ್ಡಿಂಗ್ ಬೀಳುತ್ತದೆ ಎಂದು ನಿಮಗೆ ಗೊತ್ತು: ‘ಕುಡಿಯುವ ನೀರಿನಲ್ಲಿ ವಿಷ, ಗ್ರಾಮಸ್ಥರಲ್ಲಿ ಆತಂಕ’.

ಈಗ ಆ ಹಳ್ಳಿಯ ತಾಯಿಯೊಬ್ಬಳು ಈ ಸುದ್ದಿ ಓದುತ್ತಾಳೆ ಅಂದುಕೊಳ್ಳಿ. ಅವಳಿಗೆ ಗೊತ್ತಾಗಬೇಕಿರುವುದು ನಾಲ್ಕೇ ವಿಷಯ. ಈ ನೀರು ನಮ್ಮ ಮನೆ ನಲ್ಲಿಗೆ ಬರುವುದೇ? ಎಷ್ಟು ಕೆಟ್ಟಿದೆ? ಮಗುವಿಗೆ ಏನಾಗುತ್ತದೆ? ಇವತ್ತು ರಾತ್ರಿ ಏನು ಕುಡಿಯಲಿ? ನಮ್ಮ ಕಾಪಿ ಇದರಲ್ಲಿ ಒಂದಕ್ಕೂ ಉತ್ತರ ಕೊಟ್ಟಿಲ್ಲ. ಹೆದರಿಸಿ ಸುಮ್ಮನಾಗಿದೆ.

ಒಂದೊಂದಾಗಿ ಬಿಡಿಸೋಣ. 2.4 ಅಂದರೆ ಒಂದು ಲೀಟರ್ ನೀರಿನಲ್ಲಿ 2.4 ಮಿಲಿಗ್ರಾಂ. ಭಾರತೀಯ ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡಕ್ಕೆ ಐಎಸ್ 10500 ಎಂಬ ಸಂಖ್ಯೆ ಇದೆ. ಅದರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲ ಎಂದಾದಾಗ ಮಾತ್ರ 1.5ರವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಎನ್ನುತ್ತದೆ. ಹಾಗಾಗಿ ಈ ನೀರು ಎರಡೂ ಮಿತಿಗಳನ್ನು ದಾಟಿದೆ. ಹೊಲದಲ್ಲಿ ದುಡಿದು ದಿನಕ್ಕೆ 3 ಲೀಟರ್ ಕುಡಿಯುವವರ ಮೈಗೆ ನೀರಿನಿಂದಲೇ 7.2 ಮಿಲಿಗ್ರಾಂ ಸೇರುತ್ತದೆ. ಇದು ಇಂದು ಕುಡಿದು ನಾಳೆ ಮಲಗಿಸುವ ವಿಷವಲ್ಲ, ವರ್ಷಗಟ್ಟಲೆ ಸೇರಿ ಕಾಡುವಂಥದ್ದು. ಸುಮಾರು ಎಂಟು ವರ್ಷದೊಳಗಿನ, ಒಸಡಿನೊಳಗೆ ಕಾಯಂ ಹಲ್ಲು ರೂಪುಗೊಳ್ಳುತ್ತಿರುವ ಮಕ್ಕಳಲ್ಲಿ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಹೆಚ್ಚಿನ ಪ್ರಮಾಣ ಬಹುಕಾಲ ಸೇರಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ.

ಹಾಳೆಯ ತಲೆಭಾಗ ನೋಡಿ, ‘ಮಾದರಿಗಳ ಸಂಖ್ಯೆ: 1’ ಎಂದಿದೆ. ಒಂದೇ ಮಾದರಿ. ದಿನಾಂಕ ಏಪ್ರಿಲ್ ತಿಂಗಳದ್ದು, ಅಂದರೆ ಮಳೆಗಾಲಕ್ಕೆ ಮುಂಚಿನದ್ದು. ಆ ಕೊಳವೆಬಾವಿಯ ನೀರು ಊರಿನ ಓವರ್‌ಹೆಡ್ ಟ್ಯಾಂಕಿಗೆ ಹೋಗುತ್ತದೋ, ತೋಟಕ್ಕೆ ಹೋಗುತ್ತದೋ? ಹಾಳೆ ಹೇಳುವುದಿಲ್ಲ. ಪಂಚಾಯಿತಿಯ ವಾಟರ್‌ಮನ್‌ಗೆ ಒಂದು ಫೋನ್ ಮಾಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ನೀರು ಹಿಡಿದದ್ದು ಯಾವ ಬಾಟಲಿಯಲ್ಲಿ ಎಂಬುದನ್ನೂ ಕೇಳಿ. ಫ್ಲೋರೈಡ್ ಗಾಜಿನೊಂದಿಗೆ ವರ್ತಿಸುತ್ತದೆ, ಅದಕ್ಕೇ ಈ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ ಬಳಸುತ್ತಾರೆ. ಈ ಪ್ರಶ್ನೆ ಕೇಳಿದ ಮೇಲೆ ಲ್ಯಾಬಿನವರು ನಿಮ್ಮೊಂದಿಗೆ ಮಾತಾಡುವ ರೀತಿಯೇ ಬೇರೆಯಾಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ನೀರಿನ ಸುದ್ದಿ ಯಾವುದೇ ಇರಲಿ, ಬಾಲಕ್ಕೆ ‘ಸಾರ್ವಜನಿಕರು ನೀರನ್ನು ಕಾಯಿಸಿ ಆರಿಸಿ ಕುಡಿಯಬೇಕು’ ಎಂದು ಸೇರಿಸುವ ರೂಢಿ ಇದೆ. ವಾಂತಿಭೇದಿಯ ಸುದ್ದಿಗೆ ಅದು ಸರಿಯಾದ ಸಲಹೆ, ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಸಾಯುವ ಜೀವಿಯಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಒಂದು ವಾಕ್ಯ ಓದುಗರನ್ನು ತಪ್ಪು ದಾರಿಗೆ ಹಚ್ಚುತ್ತದೆ. ಬದಲಿಗೆ, ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡುತ್ತಿದೆಯೇ, ಅದರ ನೀರಿನ ಫ್ಲೋರೈಡ್ ಪರೀಕ್ಷೆ ಕೊನೆಯ ಬಾರಿ ಯಾವಾಗ ಆಯಿತು ಎಂದು ವಿಚಾರಿಸಿ ಬರೆಯಿರಿ.

ಇಷ್ಟಾದ ಮೇಲೆ ಇಂಟ್ರೊ, ಅಂದರೆ ಸುದ್ದಿಯ ಮೊದಲ ಪ್ಯಾರಾ, ಹೀಗಿರಬಹುದು: ‘ಗ್ರಾಮದ ನಲ್ಲಿಗಳಿಗೆ ನೀರು ಪೂರೈಸುವ ಕೊಳವೆಬಾವಿಯಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 2.4 ಮಿಲಿಗ್ರಾಂ ಇರುವುದು ಏಪ್ರಿಲ್‌ನಲ್ಲಿ ತೆಗೆದ ಒಂದು ಮಾದರಿಯ ಪರೀಕ್ಷೆಯಲ್ಲಿ ಕಂಡುಬಂದಿದೆ. ಬೇರೆ ನೀರು ಸಿಗದಿದ್ದಾಗ ಒಪ್ಪಬಹುದಾದ ಗರಿಷ್ಠ ಮಿತಿ 1.5 ಮಿಲಿಗ್ರಾಂ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ.’ ಮೂರು ವಾಕ್ಯ. ‘ವಿಷ’ ಎಂಬ ಪದ ಬೇಕಾಗಲೇ ಇಲ್ಲ. ಅಂಕಿಯ ಜೊತೆ ಅದರ ಏಕಕ, ಅದರ ಮಿತಿ, ಎಷ್ಟು ಮಾದರಿ, ಯಾವಾಗಿನದು ಎಲ್ಲವೂ ಬಂದಿವೆ. ಇವತ್ತು ನಾನು ಹೇಳುವುದೆಲ್ಲ ಇದೇ: ಅಂಕಿಯನ್ನು ಒಂಟಿಯಾಗಿ ಕಳಿಸಬೇಡಿ, ಅದರ ಷರತ್ತುಗಳನ್ನು ಜೊತೆಗೆ ಕಳಿಸಿ.

ಕೆ.ಸಿ. ವ್ಯಾಲಿ ಯೋಜನೆ ಈ ಜಿಲ್ಲೆಯ ಪ್ರತಿ ವರದಿಗಾರರ ಮೇಜಿಗೂ ಬರುವ ವಿಷಯ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೇ ಹಂತ ಬೇಕೆಂಬ ಕೂಗು ಅಂದಿನಿಂದಲೂ ಇದೆ. ‘ಮೂರನೇ ಹಂತ’ ಎಂದು ನೂರು ಸಲ ಅಚ್ಚಾಗಿದೆ, ಆದರೆ ಆ ಹಂತದಲ್ಲಿ ಏನು ನಡೆಯುತ್ತದೆ ಎಂದು ಎಷ್ಟು ಸಲ ಅಚ್ಚಾಗಿದೆ? ಎರಡೇ ಸಾಲು ಸಾಕು. ಮೊದಲ ಹಂತದಲ್ಲಿ ಗಟ್ಟಿ ಪದಾರ್ಥ ತಳ ಸೇರುತ್ತದೆ, ಎರಡನೇ ಹಂತದಲ್ಲಿ ಬ್ಯಾಕ್ಟೀರಿಯಾಗಳು ಕರಗಿದ ಸಾವಯವ ಕೊಳೆಯನ್ನು ತಿನ್ನುತ್ತವೆ. ಮೂರನೆಯದರಲ್ಲಿ ಇನ್ನಷ್ಟು ಸೋಸಿ, ಸಾರಜನಕ ಮತ್ತು ರಂಜಕ ತೆಗೆದು, ರೋಗಾಣು ಕೊಲ್ಲುತ್ತಾರೆ. ಯಾವ ಘಟಕದಲ್ಲಿ ಇದರಲ್ಲಿ ಯಾವ್ಯಾವುದು ನಡೆಯುತ್ತದೆ ಎಂಬುದನ್ನು ಅಲ್ಲಿಯೇ ಕೇಳಬೇಕು.

‘ನೀರಿನ ಗುಣಮಟ್ಟ ಮಾನದಂಡದೊಳಗಿದೆ’ ಎಂದು ಪತ್ರಿಕಾ ಪ್ರಕಟಣೆ ಬಂದರೆ ಕೇಳಬೇಕಾದದ್ದು ಯಾವ ಮಾನದಂಡ ಎಂದು. ಕುಡಿಯುವ ನೀರಿನ ಮಾನದಂಡ ಬೇರೆ, ಸಂಸ್ಕರಿಸಿದ ಕೊಳಚೆ ನೀರನ್ನು ಹೊರಬಿಡುವ ಮಾನದಂಡ ಬೇರೆ. ಎರಡನೆಯದರಲ್ಲಿ ಪಾಸಾದ ನೀರು ಮೊದಲನೆಯದರಲ್ಲಿ ಪಾಸಾಗಬೇಕೆಂದಿಲ್ಲ. ಪರೀಕ್ಷೆಗೆ ಹಿಡಿಯುವ ಸಮಯವನ್ನೂ ತಿಳಿದುಕೊಂಡಿರಿ. ಬಿಒಡಿ ಅನ್ನುವ ಪರೀಕ್ಷೆಯಲ್ಲಿ ನೀರಿನೊಳಗಿನ ಜೀವಿಗಳು ಎಷ್ಟು ಆಮ್ಲಜನಕ ಉಣ್ಣುತ್ತವೆ ಎಂದು ಅಳೆಯುತ್ತಾರೆ. ನಮ್ಮ ದೇಶದ ಪದ್ಧತಿಯಲ್ಲಿ ಬಾಟಲಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡಬೇಕು, ಇನ್ನೊಂದು ಪದ್ಧತಿಯಲ್ಲಿ 20 ಡಿಗ್ರಿಯಲ್ಲಿ 5 ದಿನ. ‘ಇಂದು ಬೆಳಿಗ್ಗೆ ಮಾದರಿ ತೆಗೆದೆವು, ಬಿಒಡಿ ಸರಿಯಾಗಿದೆ’ ಎಂದು ಅದೇ ಸಂಜೆ ಯಾರಾದರೂ ಹೇಳಿದರೆ ಪೆನ್ ಕೆಳಗಿಡಿ. ಅವರು ಸಿಒಡಿ ಬಗ್ಗೆ ಹೇಳುತ್ತಿರಬಹುದು, ಅದು ಜೀವಿಗಳ ಬದಲು ರಾಸಾಯನಿಕ ಬಳಸಿ ಕೊಳೆ ಅಳೆಯುವ ಪರೀಕ್ಷೆ, ಕೆಲವು ಗಂಟೆಗಳ ಕೆಲಸ. ಅಥವಾ ಹಳೆಯ ಮಾದರಿಯ ಫಲಿತಾಂಶ ಹೇಳುತ್ತಿರಬಹುದು. ಯಾವುದೆಂದು ಖಚಿತವಾದ ಮೇಲೆ ಬರೆಯಿರಿ.

ಫ್ಲೋರೈಡ್ ಸುದ್ದಿಯಲ್ಲಿ ಏಕಕದ ಮಾತು ಬಂದಿತ್ತು, ಅದಕ್ಕೆ ಇನ್ನೊಂದು ಉದಾಹರಣೆ. ತುಮಕೂರು ಜಿಲ್ಲೆಯವರಿಗೆ ಪಾವಗಡದ ಸೋಲಾರ್ ಪಾರ್ಕ್ ಗೊತ್ತು, ಸುಮಾರು 13 ಸಾವಿರ ಎಕರೆ, ಸ್ಥಾಪಿತ ಸಾಮರ್ಥ್ಯ 2,050 ಮೆಗಾವಾಟ್. ‘ದಿನಕ್ಕೆ 2,050 ಮೆಗಾವಾಟ್ ವಿದ್ಯುತ್ ಉತ್ಪಾದನೆ’ ಎಂದು ಬರೆದರೆ ತಪ್ಪು. ಮೆಗಾವಾಟ್ ಎಂಬುದು ನಲ್ಲಿಯಿಂದ ನೀರು ಬೀಳುವ ವೇಗವಿದ್ದಂತೆ. ಬಿಂದಿಗೆಯಲ್ಲಿ ತುಂಬಿದ ನೀರು ಯೂನಿಟ್. ಪೂರ್ತಿ ಸಾಮರ್ಥ್ಯದಲ್ಲಿ ಒಂದು ಗಂಟೆ ನಡೆದರೆ 20.5 ಲಕ್ಷ ಯೂನಿಟ್. ರಾತ್ರಿ, ಮೋಡ ಎಲ್ಲ ಕಳೆದು ದಿನದ ಸರಾಸರಿ ಐದನೇ ಒಂದು ಭಾಗ ಎಂದು ಹಿಡಿದರೆ ದಿನಕ್ಕೆ ಹೆಚ್ಚು ಕಡಿಮೆ ಒಂದು ಕೋಟಿ ಯೂನಿಟ್.

ಚಿಕ್ಕಬಳ್ಳಾಪುರ ಭಾಗದಲ್ಲಿ 2021ರ ಕೊನೆಯಲ್ಲಿ ನೆಲ ನಡುಗಿದ ಸುದ್ದಿಗಳು ನೆನಪಿರಬೇಕು. ಡಿಸೆಂಬರ್ 22ರ ಬೆಳಿಗ್ಗೆ ಕೆಲವೇ ನಿಮಿಷಗಳ ಅಂತರದಲ್ಲಿ 2.9 ಮತ್ತು 3.0 ತೀವ್ರತೆಯ ಎರಡು ಕಂಪನಗಳು ದಾಖಲಾದವು. ಪಾತ್ರೆಗಳು ಅಲುಗಿದವು, ಜನ ಹೊರಗೆ ಓಡಿಬಂದರು. ಹೆದರಿಕೆ ನಿಜ, ಅದನ್ನು ಬರೆಯಲೇಬೇಕು. ಆದರೆ 3.0 ಎಂದರೆ ಎಷ್ಟು ಎಂದೂ ಹೇಳಬೇಕು. ಈ ಅಳತೆಗೋಲಿನಲ್ಲಿ ಒಂದು ಅಂಕ ಏರಿದರೆ ಕಂಪನದ ಅಲೆಯ ಎತ್ತರ 10 ಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿಯಲ್ಲಿ ಆದದ್ದು 6.2. ಅಂಕಿ ನೋಡಿದರೆ ಮೂರಕ್ಕೆ ಆರು, ಎರಡೇ ಪಟ್ಟು ಅನಿಸುತ್ತದೆ. ಶಕ್ತಿಯಲ್ಲಿ ಅದು ಸುಮಾರು 63 ಸಾವಿರ ಪಟ್ಟು. ಈ ಒಂದು ಹೋಲಿಕೆ ಹಾಕಿದರೆ ಓದುಗರಿಗೆ 3.0 ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ.

ಹೋಲಿಕೆಯೂ ದಾರಿ ತಪ್ಪಿಸಬಲ್ಲದು. ‘ರಾಗಿಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ’. ನಾವು ರಾಗಿ ಉಂಡು ಬೆಳೆದವರು, ಕೇಳಲು ಹಿತವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ, ಲೆಕ್ಕ ಸರಿ. ಆದರೆ ಒಂದು ಕಡೆ ಒಣ ಹಿಟ್ಟು, ಇನ್ನೊಂದು ಕಡೆ ಬಹುಪಾಲು ನೀರೇ ಇರುವ ಹಾಲು. ಮೇಲಾಗಿ ರಾಗಿಯಲ್ಲಿರುವ ಫೈಟೇಟ್ ಎಂಬ ಪದಾರ್ಥ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಆ ಮಾತನ್ನೂ ಸೇರಿಸಿ ಬರೆದರೆ ರಾಗಿಯ ಮರ್ಯಾದೆ ಕಡಿಮೆಯಾಗುವುದಿಲ್ಲ, ಅಡುಗೆಮನೆಗೆ ಉಪಯೋಗವಾಗುವ ಸುದ್ದಿಯಾಗುತ್ತದೆ.

ಶೇಕಡಾವಾರು ಬಂದಾಗಲೆಲ್ಲ ‘ಎಷ್ಟರಲ್ಲಿ ಎಷ್ಟು’ ಎಂದು ಕೇಳಿ. ಅಪಾಯ ಶೇ 50 ಹೆಚ್ಚು ಅಂದರೆ ಭಯವಾಗುತ್ತದೆ. ಸಾವಿರ ಜನರಲ್ಲಿ ಇಬ್ಬರಿಗೆ ಬರುತ್ತಿದ್ದದ್ದು ಮೂವರಿಗೆ ಬಂದರೂ ಅದು ಶೇ 50 ಹೆಚ್ಚಳವೇ. ಎರಡನ್ನೂ ಬರೆಯಿರಿ.

ಇನ್ನು ಸಂಶೋಧನಾ ಪ್ರಬಂಧ ಓದುವುದು ಹೇಗೆ ಎಂಬ ವಿಷಯ. ಮೊದಲ ಪುಟದಿಂದ ಕೊನೆಯವರೆಗೆ ಕಾದಂಬರಿಯಂತೆ ಓದಲು ಹೋಗಿ ಮೂರನೇ ಪುಟದಲ್ಲಿ ಕೈಬಿಡುವವರೇ ಹೆಚ್ಚು. ಸಾರಾಂಶವನ್ನು ವಿಷಯ ಏನೆಂದು ತಿಳಿಯಲಷ್ಟೇ ಓದಿ, ಅದರಿಂದ ಇಂಟ್ರೊ ಎತ್ತಬೇಡಿ. ಅಲ್ಲಿಂದ ನೇರ ‘ವಿಧಾನ’ದ ಭಾಗಕ್ಕೆ ಜಿಗಿಯಿರಿ. ಪರೀಕ್ಷೆ ಮಾಡಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೋ, ಇಲಿಗಳ ಮೇಲೋ, ಮನುಷ್ಯರ ಮೇಲೋ? ಎಷ್ಟು? ಎಷ್ಟು ದಿನ? ಹೋಲಿಸಿ ನೋಡಲು ಔಷಧ ಪಡೆಯದ ಗುಂಪೊಂದು ಇತ್ತೇ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಇಲಿಯ ಮೇಲೆ ಆದದ್ದಾದರೆ ‘ಇಲಿ’ ಎಂಬ ಪದ ಇಂಟ್ರೊದಲ್ಲೇ ಬರಬೇಕು. ಎಂಟನೇ ಪ್ಯಾರಾದಲ್ಲಿ ಬಂದರೆ ಪುಟ ಕಟ್ಟುವವರು ಜಾಗ ಸಾಲದೆ ಅದನ್ನೇ ಮೊದಲು ಕತ್ತರಿಸುತ್ತಾರೆ.

ವಿಧಾನ ಆದಮೇಲೆ ಕೋಷ್ಟಕಗಳು. ನಂತರ ಚರ್ಚೆಯ ಭಾಗದ ಕೊನೆಗೆ ಹೋಗಿ. ‘ಈ ಅಧ್ಯಯನದ ಮಿತಿಗಳು’ ಎಂದು ಸಾಮಾನ್ಯವಾಗಿ ಅಲ್ಲಿ ಒಂದು ಪ್ಯಾರಾ ಇರುತ್ತದೆ. ವಿಜ್ಞಾನಿಗಳು ತಮ್ಮ ಕೆಲಸದ ದುರ್ಬಲ ಜಾಗಗಳನ್ನು ತಾವೇ ಬರೆದುಕೊಟ್ಟಿರುತ್ತಾರೆ, ನಾವು ಎತ್ತಿಕೊಂಡರಾಯಿತು. ಕಟ್ಟಕಡೆಗೆ, ಹಣ ಕೊಟ್ಟವರು ಯಾರು, ಲೇಖಕರಿಗೆ ಯಾವುದಾದರೂ ಕಂಪನಿಯ ಜೊತೆ ಸಂಬಂಧ ಇದೆಯೇ ಎಂಬುದನ್ನು ನೋಡಿ. ಹೊಸಬರಿಗೆ ಇದಕ್ಕೆಲ್ಲ ಒಂದು ಗಂಟೆ ಬೇಕು. ಆಮೇಲೆ ಪ್ರೆಸ್ ನೋಟನ್ನು ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿದ್ದು ಪ್ರಬಂಧದಲ್ಲಿ ಇಲ್ಲದ ಪದಗಳ ಕೆಳಗೆ ಗೆರೆ ಎಳೆಯಿರಿ. ‘ಕ್ರಾಂತಿಕಾರಿ’, ‘ಪ್ರಪಂಚದಲ್ಲೇ ಮೊದಲು’ ಎಂಬುವೇ ಸಿಕ್ಕುತ್ತವೆ.

ಪ್ರೀಪ್ರಿಂಟ್ ಎಂದಿದ್ದರೆ ಬೇರೆ ವಿಜ್ಞಾನಿಗಳು ಅದನ್ನು ಇನ್ನೂ ಪರಿಶೀಲಿಸಿಲ್ಲ ಎಂದರ್ಥ, ಅದನ್ನು ಸುದ್ದಿಯಲ್ಲಿ ಹೇಳಿ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಎಲ್‌ಕೆ-99 ಎಂಬ ವಸ್ತುವಿನ ಬಗ್ಗೆ ಇಂಥದ್ದೇ ಪ್ರೀಪ್ರಿಂಟ್ ಬಂತು, ಕೋಣೆಯ ಉಷ್ಣತೆಯಲ್ಲೇ ಅದು ಅತಿವಾಹಕ, ಅಂದರೆ ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಬಿಡುವ ವಸ್ತು ಎಂದು. ಜಗತ್ತಿನ ಅನೇಕ ಲ್ಯಾಬ್‌ಗಳು ಮಾಡಿ ನೋಡಿದವು, ಕೆಲವೇ ವಾರಗಳಲ್ಲಿ ಆ ಮಾತು ಬಿದ್ದುಹೋಯಿತು.

ಪ್ರಬಂಧ ಬರೆದವರಿಗೆ ಫೋನ್ ಮಾಡುವಾಗ ‘ಇದರ ಮಹತ್ವವೇನು ಸಾರ್’ ಎಂದು ಶುರು ಮಾಡಬೇಡಿ, ಭಾಷಣ ಸಿಗುತ್ತದೆ. ‘ಇದು ತಪ್ಪೆಂದು ಸಾಬೀತಾಗಬೇಕಾದರೆ ಏನು ಕಾಣಬೇಕು?’ ಎಂದು ಕೇಳಿ. ‘ಕೋಷ್ಟಕ ಎರಡರ ಈ ಸಂಖ್ಯೆಯನ್ನು ನಮ್ಮ ಅಜ್ಜಿಗೆ ಹೇಳುವಂತೆ ಹೇಳಿ’ ಎಂದು ಕೇಳಿ. ಆಮೇಲೆ ಲೇಖಕರ ಪಟ್ಟಿಯಲ್ಲಿ ಇಲ್ಲದ, ಅದೇ ವಿಷಯದ ಇನ್ನೊಬ್ಬರನ್ನು ಹುಡುಕಿ. ಬೆಳೆಯ ವಿಷಯವಾದರೆ ಟಮಕದ ತೋಟಗಾರಿಕೆ ಕಾಲೇಜು ಹತ್ತಿರದಲ್ಲೇ ಇದೆ, ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ ಇದೆ. ಇಡೀ ಕಾಪಿಯನ್ನು ಯಾರಿಗೂ ಒಪ್ಪಿಗೆಗೆ ಕಳಿಸಬೇಡಿ. ಆದರೆ ಅವರ ಬಾಯಿಯಿಂದ ಬಂದ ಮಾತುಗಳನ್ನೂ ಅಂಕಿಗಳನ್ನೂ ಮತ್ತೊಮ್ಮೆ ಓದಿ ಹೇಳಿ ಖಚಿತಪಡಿಸಿಕೊಳ್ಳಿ.

ನಮ್ಮ ಮಣ್ಣಿನದೇ ಒಂದು ಉದಾಹರಣೆ ಕೊಡುತ್ತೇನೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, 1965ರಲ್ಲಿ ನ್ಯೂಟ್ರಿನೊ ಹಿಡಿಯುವ ಪ್ರಯೋಗ ನಡೆಯಿತು. ನ್ಯೂಟ್ರಿನೊ ಎಂದರೆ ಯಾವುದಕ್ಕೂ ಅಷ್ಟಾಗಿ ತಾಗದೆ ಎಲ್ಲವನ್ನೂ ತೂರಿಹೋಗುವ ಅತಿ ಸೂಕ್ಷ್ಮ ಕಣ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ, ಬ್ರಿಟನ್ನಿನ ಡರ್ಹಾಮ್ ಮೂರೂ ಕಡೆಯವರಿದ್ದರು. ಅಷ್ಟು ಆಳಕ್ಕೆ ಯಾಕೆ ಇಳಿಯಬೇಕಿತ್ತು? ಆಕಾಶದಿಂದ ಸದಾ ಸುರಿಯುವ ಮ್ಯೂಆನ್ ಕಣಗಳ ಗದ್ದಲವನ್ನು ಅಷ್ಟು ದಪ್ಪದ ಬಂಡೆ ತಡೆಯುತ್ತದೆ. ಅಷ್ಟಾದರೂ ಅಡ್ಡಡ್ಡವಾಗಿ ಹಾದುಬರುವ ಮ್ಯೂಆನ್ ಕಂಡರೆ, ಅದು ಅಷ್ಟೊಂದು ಕಲ್ಲನ್ನು ತೂರಿ ಬಂದಿರಲಾರದು, ನ್ಯೂಟ್ರಿನೊ ಒಂದು ಬಂಡೆಯೊಳಗೆ ಡಿಕ್ಕಿ ಹೊಡೆದು ಅಲ್ಲೇ ಹುಟ್ಟಿಸಿರಬೇಕು ಎಂಬುದು ತರ್ಕ. ನೋಡಿ, ಇದನ್ನು ಒಂದೂ ಸಮೀಕರಣವಿಲ್ಲದೆ ಹೇಳಬಹುದು.

ಇದನ್ನು ‘ಜಗತ್ತಿನಲ್ಲೇ ಮೊದಲು ನ್ಯೂಟ್ರಿನೊ ಪತ್ತೆಯಾದದ್ದು ಕೆಜಿಎಫ್‌ನಲ್ಲಿ’ ಎಂದು ಬರೆಯುವ ಆಸೆ ನನಗೂ ಆಗುತ್ತದೆ, ಆದರೆ ಅದು ತಪ್ಪು. ನ್ಯೂಟ್ರಿನೊವನ್ನು 1956ರಲ್ಲೇ ಅಮೆರಿಕದಲ್ಲಿ ಪರಮಾಣು ರಿಯಾಕ್ಟರ್ ಪಕ್ಕದಲ್ಲಿ ರೈನ್ಸ್ ಮತ್ತು ಕೋವನ್ ಪತ್ತೆ ಮಾಡಿದ್ದರು. ಕೆಜಿಎಫ್‌ನಲ್ಲಿ ಸಿಕ್ಕಿದ್ದು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು. ಹಾಗಾದರೆ ‘ವಾಯುಮಂಡಲದ ನ್ಯೂಟ್ರಿನೊ ಮೊದಲು ಸಿಕ್ಕಿದ್ದು ಇಲ್ಲಿ’ ಎನ್ನಬಹುದೇ? ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಅದೇ ರೈನ್ಸ್ ತಂಡ ಇಂಥದ್ದೇ ಪ್ರಯೋಗ ನಡೆಸುತ್ತಿತ್ತು. ಅವರ ಉಪಕರಣದಲ್ಲಿ ಮೊದಲ ಗುರುತು ಮೂಡಿದ್ದು ಫೆಬ್ರುವರಿಯಲ್ಲಿ, ನಮ್ಮವರಿಗಿಂತ ಮುಂಚೆ. ಆದರೆ ಪ್ರಬಂಧ ಮೊದಲು ಅಚ್ಚಾದದ್ದು ಕೆಜಿಎಫ್ ತಂಡದ್ದು, 1965ರ ಆಗಸ್ಟ್ 15ರಂದು. ಅವರದು ಆಗಸ್ಟ್ 30ಕ್ಕೆ. ಹಾಗಾಗಿ ಸರಿಯಾದ ವಾಕ್ಯ ಇದು: ‘ವಾಯುಮಂಡಲದ ನ್ಯೂಟ್ರಿನೊ ಪತ್ತೆಯಾದ ವಿಚಾರವನ್ನು ಮೊದಲು ಪ್ರಕಟಿಸಿದ್ದು ಕೆಜಿಎಫ್ ತಂಡ.’ ‘ವಾಯುಮಂಡಲದ’, ‘ಪ್ರಕಟಿಸಿದ್ದು’ ಎರಡರಲ್ಲಿ ಒಂದು ಪದ ಕಿತ್ತರೂ ವಾಕ್ಯ ಸುಳ್ಳಾಗುತ್ತದೆ. ಹದಿನೈದು ದಿನದ ಆ ಅಂತರದಲ್ಲೇ ಎಂಥ ಕಥೆ ಇದೆ! ಷರತ್ತು ಸೇರಿಸಿದರೆ ಸುದ್ದಿ ಸಪ್ಪೆಯಾಗುತ್ತದೆ ಎನ್ನುವವರಿಗೆ ಇದನ್ನು ಓದಿ ಹೇಳಿ.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ನಮ್ಮ ತೃತೀಯಾ ವಿಭಕ್ತಿ, ‘ಇಂದ’, ಬಹಳ ಬಲವಾದದ್ದು. ‘ಮೊಬೈಲ್‌ನಿಂದ ನಿದ್ರಾಹೀನತೆ’ ಎಂಬ ಹೆಡ್ಡಿಂಗ್ ನೋಡಿ. ಅಧ್ಯಯನ ಹೇಳಿದ್ದು ಮೊಬೈಲ್ ಹೆಚ್ಚು ನೋಡುವವರಲ್ಲಿ ನಿದ್ರೆಯ ತೊಂದರೆಯೂ ಹೆಚ್ಚು ಎಂದಿರಬಹುದು. ನಿದ್ರೆ ಬಾರದವರೇ ಮೊಬೈಲ್ ಹಿಡಿದು ಕೂತಿರಲೂಬಹುದು. ಒಂದು ವಿಭಕ್ತಿ ಪ್ರತ್ಯಯ ನಂಟನ್ನು ಕಾರಣವಾಗಿ ಮಾಡಿಬಿಟ್ಟಿತು. ಕಾಪಿ ಮುಗಿದ ಮೇಲೆ ಪ್ರತಿ ‘ಇಂದ’ದ ಮೇಲೆ ಬೆರಳಿಟ್ಟು, ಕಾರಣ ಸಾಬೀತಾಗಿದೆಯೇ ಎಂದು ಕೇಳಿಕೊಳ್ಳಿ. ಆಗಿಲ್ಲದಿದ್ದರೆ ‘ಇರುವವರಲ್ಲಿ ಹೆಚ್ಚು’ ಎಂದು ತಿದ್ದಿ. ಅದೇ ಭಾಷೆ ನಮಗೆ ನಯವಾದ ಮೆಟ್ಟಿಲುಗಳನ್ನೂ ಕೊಟ್ಟಿದೆ: ‘ಆಗುತ್ತದೆ’, ‘ಆಗುವಂತೆ ಕಾಣುತ್ತದೆ’, ‘ಆಗಬಹುದು’, ‘ಆಗಲೂಬಹುದು’. ಪ್ರಬಂಧದ ಲೇಖಕರು ಯಾವ ಮೆಟ್ಟಿಲ ಮೇಲೆ ನಿಂತಿದ್ದಾರೋ ಅಲ್ಲೇ ನಿಲ್ಲಿ.

ಪದಗಳ ಆಯ್ಕೆಯಲ್ಲಿ ಓದುಗರ ಹೊಲ ನೆನಪಿರಲಿ. ಟೊಮೆಟೊ ಎಲೆ ಮುದುಡುವ ರೋಗಕ್ಕೆ ಕಾರಣ ವೈರಸ್, ಅದನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ‘ರೋಗಕ್ಕೆ ಹೊಸ ಔಷಧ’ ಎಂದು ನಾವು ಬರೆದರೆ, ರೈತ ಮುದುಡಿದ ಗಿಡಕ್ಕೇ ಸಿಂಪಡಿಸಿ ದುಡ್ಡು ಕಳೆದುಕೊಳ್ಳುತ್ತಾನೆ. ಆ ಔಷಧ ಕೊಲ್ಲುವುದು ಬಿಳಿನೊಣವನ್ನು, ವೈರಸ್ ಹೊಕ್ಕ ಗಿಡ ಅದರಿಂದ ಸುಧಾರಿಸುವುದಿಲ್ಲ. ವೈರಸ್, ಬ್ಯಾಕ್ಟೀರಿಯಾ, ಶಿಲೀಂಧ್ರ ಮೂರನ್ನೂ ‘ರೋಗಾಣು’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಆಗುವ ನಷ್ಟ ಇದು. ವೈರಸ್, ಫ್ಲೋರೈಡ್, ಡಿಎನ್‌ಎಗಳನ್ನು ಅನುವಾದಿಸಲು ಕಷ್ಟಪಡಬೇಡಿ, ಜನಕ್ಕೆ ಗೊತ್ತಿವೆ. ಕಷ್ಟಪಡಬೇಕಾದದ್ದು ಅವು ಏನು ಮಾಡುತ್ತವೆ ಎಂದು ಹೇಳುವುದಕ್ಕೆ.

ತಪ್ಪಾಯಿತು ಎಂದು ಗೊತ್ತಾದರೆ ಮರುದಿನವೇ, ಯಾವ ವಾಕ್ಯ ತಪ್ಪು, ಸರಿ ಯಾವುದು ಎಂದು ಎರಡನ್ನೂ ಹಾಕಿ. ‘ನಿನ್ನೆಯ ವರದಿಯಲ್ಲಿ ಕಣ್ತಪ್ಪಿನಿಂದ’ ಎಂದಷ್ಟೇ ಬರೆದರೆ ನೀರು ಕುದಿಸಿ ಕುಡಿಯುತ್ತಿರುವವರಿಗೆ ಏನೂ ಗೊತ್ತಾಗುವುದಿಲ್ಲ.

ಈಗ ಹಾಳೆಯನ್ನು ತಿರುಗಿಸಿ. ಹಿಂದುಗಡೆ ಅದೇ ಕೊಳವೆಬಾವಿಯ ಎರಡನೇ ವರದಿ ಇದೆ, ನವೆಂಬರ್ ತಿಂಗಳದ್ದು, ಮಳೆ ಆದಮೇಲಿನದ್ದು. ಫ್ಲೋರೈಡ್ 1.3. ಬೇರೆ ಲ್ಯಾಬು, ಬಾಟಲಿ ಯಾವುದೆಂದು ಬರೆದಿಲ್ಲ. ‘ನೀರು ಈಗ ಸುರಕ್ಷಿತ’ ಎಂದು ಪ್ರೆಸ್ ನೋಟ್ ಬಂದಿದೆ ಅಂದುಕೊಳ್ಳಿ. ಯಾರ್ಯಾರಿಗೆ ಫೋನ್ ಮಾಡುತ್ತೀರಿ, ಏನೇನು ಕೇಳುತ್ತೀರಿ ಎಂದು ಮೊದಲು ಪಟ್ಟಿ ಮಾಡಿ, ಆಮೇಲೆ 150 ಪದಗಳ ಸುದ್ದಿ ಬರೆಯಿರಿ. ನಲವತ್ತು ನಿಮಿಷ ಇದೆ.